ಶಾಲೆಯ ಗೋಡೆ ಶುಚಿಯಾಗಲು ಹಿಡಿದ 19 ದಿನ

ನಮ್ಮ ಮನೆಯ ಎದುರಿಗೆ, ರಸ್ತೆಯ ಆಚೆ ಬದಿಯಲ್ಲಿ, ಸರ್ಕಾರಿ ಬಾಲಿಕಾ ಪ್ರೌಢಶಾಲೆಯ ಕಾಂಪೌಂಡ್ ಗೋಡೆ ಇದೆ. ಹೆಗಲೆತ್ತರದ ಆ ಗೋಡೆಯ ಮೊದಲರ್ಧ ಹಳೆಯ ಕಾಲದ ಸೈಜುಗಲ್ಲಿನದು. ಉಳಿದರ್ಧವನ್ನು, ಶಾಲೆಗೆ ಹೊಸ ಕೊಠಡಿಗಳು ಬಂದ ಕಾಲದಲ್ಲಿ, ಇಟ್ಟಿಗೆಯಿಂದ ಕಟ್ಟಿ ಗಾರೆ ಮಾಡಿ ಸುಣ್ಣ ಬಳಿದಿದ್ದಾರೆ. 2024ರ ಜೂನ್ ಮೊದಲ ವಾರದಲ್ಲಿ, ಬೇಸಿಗೆ ರಜೆ ಮುಗಿದು ಶಾಲೆ ಆರಂಭವಾದ ನಾಲ್ಕಾರು ದಿನಗಳಲ್ಲೇ, ಬೆಳಗ್ಗೆ ಹಾಲಿಗೆಂದು ಗೇಟು ತೆಗೆದಾಗ, ಆ ಬಿಳಿಯ ಭಾಗದ ಮೇಲೆ ಕಪ್ಪು ಸ್ಪ್ರೇ ಬಣ್ಣದಲ್ಲಿ ಮೂರು ಸಾಲು ಬರೆದಿರುವುದು ಕಣ್ಣಿಗೆ ಬಿತ್ತು. ಮೊದಲ ಸಾಲಿನಲ್ಲಿ ಒಬ್ಬ ಹುಡುಗಿಯ ಹೆಸರು, ಇನಿಷಿಯಲ್ ಸಮೇತ. ಅದರ ಪಕ್ಕದಲ್ಲಿ ಅವಳು ಓದುವ ತರಗತಿ. ಉಳಿದ ಎರಡು ಸಾಲುಗಳನ್ನು ನಾನು ಇಲ್ಲಿ ಬರೆಯಲಾರೆ. ಡಬ್ಬಿಯನ್ನು ಗೋಡೆಗೆ ತೀರಾ ಹತ್ತಿರ ಹಿಡಿದಿದ್ದರಿಂದ ಒಂದೊಂದು ಅಕ್ಷರದ ಬುಡದಿಂದಲೂ ಬಣ್ಣ ಇಳಿದು, ಒಣಗಿ, ಗೆರೆಗೆರೆಯಾಗಿ ನಿಂತಿತ್ತು.

ಆ ಹುಡುಗಿ ನಮ್ಮ ಬೀದಿಯವಳೇ. ಅವಳ ತಾಯಿಯ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಅಂದು ಬೆಳಗ್ಗೆ ಒಂಬತ್ತೂವರೆಗೆ ಎಂದಿನಂತೆ ಚೀಲ ಹೆಗಲಿಗೆ ಹಾಕಿಕೊಂಡು ಬಂದವಳು ಗೋಡೆಯ ಮುಂದೆ ಒಂದು ಕ್ಷಣವೂ ನಿಲ್ಲಲಿಲ್ಲ. ತಲೆ ತಗ್ಗಿಸಿಕೊಂಡು ಗೇಟಿನೊಳಗೆ ಹೋದಳು. ಮಾರನೆಯ ದಿನದಿಂದ ಈ ರಸ್ತೆಯನ್ನೇ ಬಿಟ್ಟು, ಕೆರೆ ಏರಿಯ ಮೇಲೆ ಸುತ್ತಿಕೊಂಡು, ಹಿಂದಿನ ಗೇಟಿನಿಂದ ಶಾಲೆಗೆ ಹೋಗತೊಡಗಿದಳು. ಹತ್ತು ನಿಮಿಷದ ದಾರಿ ಅರ್ಧ ಗಂಟೆಯ ದಾರಿಯಾಯಿತು. ಬರೆದವನು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ, ಗೊತ್ತಾಗಬೇಕೆಂಬ ಹಟವೂ ಈಗ ನನಗೆ ಉಳಿದಿಲ್ಲ. ಆದರೆ ಆ ಮೂರು ಸಾಲುಗಳು ಅಲ್ಲಿ 19 ದಿನ ಉಳಿದುವಲ್ಲ, ಅದು ಹೇಗೆ, ಏಕೆ ಎಂಬುದನ್ನು ಮಾತ್ರ ತಿಳಿಯದೆ ಬಿಡಬಾರದು ಅನ್ನಿಸಿತು. ಬರೆದದ್ದು ಒಬ್ಬನ ಕೃತ್ಯ. ಅದನ್ನು 19 ದಿನ ಉಳಿಸಿಕೊಂಡದ್ದು ನಾವೆಲ್ಲರೂ.

ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಮಲೆನಾಡಿನ ಸೆರಗಿನಲ್ಲಿರುವ, ನಗರಸಭೆ ಇರುವ ಒಂದು ಊರು ಎಂದರೆ ಸಾಕು. ಅಲ್ಲಿಯ ಕಚೇರಿಯಲ್ಲಿ ಕುಳಿತವರು ಕೆಟ್ಟವರಲ್ಲ. ಅದೇ ಕುರ್ಚಿಗಳಲ್ಲಿ ಬೇರೆ ಯಾರು ಕುಳಿತಿದ್ದರೂ ಬಹುಶಃ ಹೀಗೆಯೇ ಆಗುತ್ತಿತ್ತು.

ಮೊದಲ ದಿನವೇ ನಾನು ನಗರಸಭೆಯ ಆರೋಗ್ಯ ಶಾಖೆಗೆ ಫೋನ್ ಮಾಡಿದೆ. ಕಸ, ಚರಂಡಿ, ಸತ್ತ ನಾಯಿ ಇವೆಲ್ಲ ಅವರ ಕೆಲಸವಾದ್ದರಿಂದ ಗೋಡೆಯ ಹೊಲಸೂ ಅವರದೇ ಎಂದು ಭಾವಿಸಿದ್ದೆ. ಆರೋಗ್ಯ ನಿರೀಕ್ಷಕರು ಸೌಜನ್ಯದಿಂದಲೇ ಕೇಳಿಸಿಕೊಂಡು, "ಮೇಡಂ, ಬಣ್ಣ ಹೊಡೆಸೋದು ಇಂಜಿನಿಯರಿಂಗ್ ಶಾಖೆಗೆ ಬರುತ್ತೆ, ನಮ್ಮಲ್ಲಿ ಅದಕ್ಕೆ ಸಾಮಾನು ಇಲ್ಲ" ಎಂದರು. ಇಂಜಿನಿಯರಿಂಗ್ ಶಾಖೆಯಲ್ಲಿ, ಆ ಗೋಡೆ ನಗರಸಭೆಯ ಆಸ್ತಿಯಲ್ಲ, ಶಿಕ್ಷಣ ಇಲಾಖೆಯದು, ಅದಕ್ಕೆ ನಾವು ಅಂದಾಜು ಪಟ್ಟಿ ತಯಾರಿಸುವಂತಿಲ್ಲ ಎಂಬ ಉತ್ತರ ಬಂತು. ಮುಖ್ಯೋಪಾಧ್ಯಾಯಿನಿಯವರನ್ನು ಕಂಡೆ. ಅವರು ನನಗಿಂತ ಹೆಚ್ಚು ನೊಂದಿದ್ದರು. ಶಾಲೆಯ ಸಾದಿಲ್ವಾರು ಹಣ ಸೀಮೆಸುಣ್ಣಕ್ಕೂ ವಿದ್ಯುತ್ ಬಿಲ್ಲಿಗೂ ಸಾಲುತ್ತಿರಲಿಲ್ಲ. ಆದರೂ ತಾವೇ ದುಡ್ಡು ಹಾಕಿ ಒಂದು ಚೀಲ ಸುಣ್ಣ ತರಿಸಿ, ಶಾಲೆಯ ಸಹಾಯಕನಿಂದ ಬಳಿಸಿದರು. ಸುಣ್ಣ ಒಣಗಿದ ಮೇಲೆ ಅದರಡಿಯಿಂದ ಕಪ್ಪು ಅಕ್ಷರಗಳು ಮಾಸಲು ಬಣ್ಣದಲ್ಲಿ ಮತ್ತೆ ಕಾಣಿಸಿಕೊಂಡವು. ಎರಡು ಮಳೆಗೆ ಸುಣ್ಣ ಚಕ್ಕೆಯಾಗಿ ಉದುರಿ, ಬರಹ ಮೊದಲಿನಷ್ಟೇ ಸ್ಪಷ್ಟವಾಯಿತು. ಪೊಲೀಸ್ ಠಾಣೆಗೆ ಹೋಗಲು ಹುಡುಗಿಯ ಮನೆಯವರು ಒಪ್ಪಲಿಲ್ಲ. ದೂರಿನಲ್ಲಿ ಹೆಸರು ಬರೆಯಬೇಕಾಗುತ್ತದೆ, ಗೋಡೆಯ ಮೇಲಿರುವುದೇ ಸಾಕು ಎಂದರು. ಅವರ ಮಾತಿಗೆ ಎದುರು ಹೇಳುವ ಧೈರ್ಯ ನನಗಾಗಲಿಲ್ಲ.

ಇಷ್ಟೆಲ್ಲ ಅಲೆದಾಟದ ನಡುವೆ, ಐದನೆಯ ದಿನವೋ ಆರನೆಯ ದಿನವೋ, ಬೆಳಗ್ಗೆ ನೋಡುತ್ತೇನೆ, ಮೊದಲ ಸಾಲಿನ ಹೆಸರಿನ ಮೇಲೆ ಯಾರೋ ಕೆಮ್ಮಣ್ಣು ಮೆತ್ತಿದ್ದಾರೆ. ಅಂಗೈ ಅಗಲಕ್ಕೆ, ಒಂದರ ಪಕ್ಕದಲ್ಲಿ ಒಂದು, ಬೆರಳಿನ ಗುರುತುಗಳು ಎದ್ದು ಕಾಣುವಂತೆ. ಹೆಸರು, ಇನಿಷಿಯಲ್, ತರಗತಿ ಇಷ್ಟೇ ಮುಚ್ಚಿತ್ತು. ಉಳಿದ ಎರಡು ಸಾಲು ಹಾಗೆಯೇ ಇದ್ದವು. ಆ ರಾತ್ರಿ ಮಳೆ ಹೊಡೆದು ಮಣ್ಣೆಲ್ಲ ತೊಳೆದು ಹೋಯಿತು. ಮಾರನೆಯ ಬೆಳಗ್ಗೆ ಆರು ಗಂಟೆಗೆ ಕಿಟಕಿಯಲ್ಲಿ ಕಾದು ನಿಂತೆ. ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕ ಹೆಂಗಸು ತಳ್ಳುಗಾಡಿಯನ್ನು ಬದಿಗೆ ನಿಲ್ಲಿಸಿ, ಚರಂಡಿ ಅಂಚಿನ ಧರೆಯಿಂದ ಒಂದು ಹಿಡಿ ಮಣ್ಣು ಕಿತ್ತು, ಅಂಗೈಯಲ್ಲಿ ನಾದಿ, ಗೋಡೆಗೆ ಮೆತ್ತುತ್ತಿದ್ದರು. ನಾನು ಹೊರಗೆ ಹೋಗಿ ನಿಂತಾಗ ಅವರು ತಪ್ಪು ಮಾಡಿದವರಂತೆ ಕೈ ಒರೆಸಿಕೊಂಡು, "ಹೆಣ್ ಮಗೀನ ಹೆಸ್ರು ಅಲ್ವೇನಮ್ಮಾ, ಅದೊಂದು ಕಾಣ್ದಿದ್ರೆ ಸಾಕು" ಎಂದರು. ಓದು ಬರಹ ಬರುತ್ತದೆಯೇ ಎಂದು ನಾನು ಕೇಳಲಿಲ್ಲ. ಹೆಸರು ಯಾವುದು, ಬೈಗುಳ ಯಾವುದು ಎಂಬುದು ಅವರಿಗೆ ಗೊತ್ತಿತ್ತು. ಆ ಹತ್ತೊಂಬತ್ತು ದಿನಗಳಲ್ಲಿ ಅವರು ನಾಲ್ಕು ಬಾರಿ ಮಣ್ಣು ಮೆತ್ತಿದರು, ಮಳೆ ನಾಲ್ಕು ಬಾರಿಯೂ ಅದನ್ನು ತೊಳೆಯಿತು. ಅದು ಅವರ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ. ಯಾವ ಶಾಖೆಯ ಪಟ್ಟಿಯಲ್ಲೂ ಇರಲಿಲ್ಲ.

ನಗರಸಭೆಗೆ ಜನ ಇಲ್ಲ, ಹಣ ಇಲ್ಲ, ಸಾಮಾನು ಇಲ್ಲ ಎಂಬ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಅದಕ್ಕೆ ಕಾರಣವಿದೆ. ಇದಕ್ಕೆ ಮೂರೇ ತಿಂಗಳ ಹಿಂದೆ, 2024ರ ಮಾರ್ಚ್ 16ರಂದು, ಲೋಕಸಭಾ ಚುನಾವಣೆ ಘೋಷಣೆಯಾಗಿ ಮಾದರಿ ನೀತಿ ಸಂಹಿತೆ ಜಾರಿಗೆ ಬಂದಿತ್ತು. ಘೋಷಣೆಯಾದ ಕ್ಷಣದಿಂದ ಸರ್ಕಾರಿ ಕಟ್ಟಡಗಳ ಮೇಲಿನ ರಾಜಕೀಯ ಗೋಡೆಬರಹ, ಪೋಸ್ಟರ್, ಬ್ಯಾನರುಗಳನ್ನು 24 ಗಂಟೆಯೊಳಗೆ, ಬಸ್ ನಿಲ್ದಾಣ, ಸೇತುವೆ, ವಿದ್ಯುತ್ ಕಂಬಗಳಂಥ ಸಾರ್ವಜನಿಕ ಸ್ಥಳಗಳಲ್ಲಿ 48 ಗಂಟೆಯೊಳಗೆ, ಖಾಸಗಿ ಆಸ್ತಿಯ ಮೇಲೆ ಅನಧಿಕೃತವಾಗಿ ಇರುವುದನ್ನು 72 ಗಂಟೆಯೊಳಗೆ ತೆಗೆಯಬೇಕು ಎಂಬುದು ಚುನಾವಣಾ ಆಯೋಗದ ಸೂಚನೆ. ಆ ಮೂರು ದಿನ ನಮ್ಮ ಊರಿನಲ್ಲಿ ಏನು ನಡೆಯಿತೆಂಬುದನ್ನು ಕಣ್ಣಾರೆ ನೋಡಿದ್ದೇನೆ. ಏಣಿ, ಬಕೆಟ್ಟು, ಸುಣ್ಣ, ಹಳೆಯ ಸೀರೆಯ ತುಂಡುಗಳು ಎಲ್ಲವೂ ಎಲ್ಲಿಂದಲೋ ಬಂದವು. ಉದ್ಘಾಟನೆಯ ಶಿಲಾಫಲಕಗಳಿಗೂ ಕಾಗದ ಸುತ್ತಿದರು. ಯಾವ ಗೋಡೆ ಯಾವ ಇಲಾಖೆಯದು ಎಂದು ಯಾರೂ ಕೇಳಲಿಲ್ಲ. ಶಾಲೆಯ ಇದೇ ಗೋಡೆಯ ಮೇಲಿದ್ದ ಒಂದು ಪಕ್ಷದ ಚಿಹ್ನೆಯನ್ನು ಎರಡನೆಯ ದಿನವೇ ಅಳಿಸಿದರು. ಚುನಾವಣೆಯ ಹೊತ್ತಿಗೆ ಇದ್ದ ಏಣಿ ಮತ್ತು ಬಕೆಟ್ಟು ಜೂನ್ ತಿಂಗಳಿಗೆ ಮಾಯವಾಗಿರಲು ಸಾಧ್ಯವಿಲ್ಲ. ಇದ್ದದ್ದು ಒಂದೇ ವ್ಯತ್ಯಾಸ: ಆಗ ಗಂಟೆಗಳ ಲೆಕ್ಕವಿತ್ತು, ಆ ಲೆಕ್ಕಕ್ಕೆ ಉತ್ತರ ಕೊಡಬೇಕಾದ ಒಬ್ಬ ಅಧಿಕಾರಿಯಿದ್ದರು. ಒಂದು ಚಿಹ್ನೆಗೆ ದೊರೆತ ಅವಸರ ಒಂದು ಹೆಣ್ಣುಮಗುವಿನ ಹೆಸರಿಗೂ ದೊರೆಯಬೇಕು ಎಂಬುದಷ್ಟೇ ನನ್ನ ಒತ್ತಾಯ.

ಕಾನೂನು ಇಲ್ಲವೆಂದಲ್ಲ. ಕರ್ನಾಟಕದಲ್ಲಿ 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಇದೆ. ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಇಲ್ಲದೆ, ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳದಲ್ಲಿ, ತಾನೇ ಆಗಲಿ ಇನ್ನೊಬ್ಬರ ಮೂಲಕವಾಗಲಿ, ಜಾಹೀರಾತನ್ನು ಅಂಟಿಸಿದರೆ, ನಿಲ್ಲಿಸಿದರೆ, ಬರೆದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು ಎನ್ನುತ್ತದೆ ಆ ಕಾಯ್ದೆ. ಖಾಸಗಿ ಗೋಡೆ, ಕಂಬ, ಮರ ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ಆದರೆ ದಂಡ ವಿಧಿಸಲು ಬರೆದವನು ಸಿಗಬೇಕು. ಪೋಸ್ಟರಿನಲ್ಲಾದರೆ ಟ್ಯೂಷನ್ ಕೇಂದ್ರದ ಫೋನ್ ನಂಬರೋ ಅಂಗಡಿಯ ವಿಳಾಸವೋ ಇರುತ್ತದೆ, ಹಿಡಿಯಬಹುದು. ರಾತ್ರಿ ಎರಡು ಗಂಟೆಗೆ ಸ್ಪ್ರೇ ಡಬ್ಬಿ ಹಿಡಿದು ಬಂದವನಿಗೆ ವಿಳಾಸವಿಲ್ಲ. ಆದ್ದರಿಂದ ಈ ವಿಷಯದಲ್ಲಿ ಕಾನೂನನ್ನು ಮಾತ್ರ ನೆಚ್ಚಿಕೊಂಡರೆ ಗೋಡೆ ಹಾಗೆಯೇ ಉಳಿಯುತ್ತದೆ. ಮೊದಲು ಅಳಿಸಬೇಕು, ಆಮೇಲೆ ಹುಡುಕಬೇಕು. ಕಸದ ರಾಶಿ ಯಾರು ಹಾಕಿದರೆಂದು ಪತ್ತೆಯಾಗುವ ತನಕ ಕಸವನ್ನು ಹಾಗೆಯೇ ಬಿಡುವುದಿಲ್ಲವಲ್ಲ.

ಪೋಸ್ಟರುಗಳ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ನಮ್ಮ ಊರುಗಳಲ್ಲಿ ಸ್ಪ್ರೇ ಬರಹಕ್ಕಿಂತ ಹೆಚ್ಚಾಗಿ ಗೋಡೆಗಳನ್ನು ಕೆಡಿಸುತ್ತಿರುವುದು ಅವೇ. ಹುಡುಗರು ರಾತ್ರಿ ಮೈದಾ ಹಿಟ್ಟನ್ನು ಬಿಸಿನೀರಿನಲ್ಲಿ ಕಾಸಿ ಅಂಟು ಮಾಡಿಕೊಂಡು, ಹುಳು ಹಿಡಿಯದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕಿ, ಸೈಕಲ್ಲಿನ ಹ್ಯಾಂಡಲ್ಲಿಗೆ ಬಕೆಟ್ಟು ತಗುಲಿಸಿಕೊಂಡು ಹೊರಡುತ್ತಾರೆ. ಬೆಳಗಾದರೆ ಬಿಡಾಡಿ ದನಗಳು ಅದೇ ಗೋಡೆಗೆ ಮೂತಿಯಿಟ್ಟು ಮೈದಾದ ಆಸೆಗೆ ಕಾಗದವನ್ನು ಹರಿದು ತಿನ್ನುತ್ತಿರುತ್ತವೆ, ಮೈಲುತುತ್ತದ ವಿಷವೂ ಅದರೊಡನೆ ಹೊಟ್ಟೆ ಸೇರುತ್ತದೆ. ಇದನ್ನು ನೋಡಿದ ಮೇಲೆ ಪೋಸ್ಟರನ್ನು ಬರೀ ಅಂದಗೇಡು ಎಂದು ಭಾವಿಸಲು ನನ್ನಿಂದಾಗಲಿಲ್ಲ. ಬೆಂಗಳೂರಿನಲ್ಲಿ 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಖಡಕ್ಕಾಗಿ ಆದೇಶ ಕೊಟ್ಟ ಮೇಲೆ, ಪಾಲಿಕೆ ಕೆಲವೇ ದಿನಗಳಲ್ಲಿ ಸಾವಿರಾರು ಫ್ಲೆಕ್ಸ್, ಬ್ಯಾನರುಗಳನ್ನು ಕಿತ್ತು ಹಾಕಿದ್ದನ್ನೂ, ಹೊರಾಂಗಣ ಜಾಹೀರಾತನ್ನೇ ಒಂದು ವರ್ಷ ನಿಷೇಧಿಸುವ ನಿರ್ಣಯ ಮಾಡಿದ್ದನ್ನೂ ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ಅಲ್ಲಿಯೂ ಕೆಲಸ ಮಾಡಿದ್ದು ಗಡುವು. ಗಡುವು ಸಡಿಲಾದಂತೆ ಫ್ಲೆಕ್ಸುಗಳು ಮತ್ತೆ ಹಬ್ಬದ ಶುಭಾಶಯ ಹೊತ್ತು ಬಂದವು.

ಗೋಡೆಯ ಮೇಲೆ ಬರೆಯುವುದೇ ತಪ್ಪು ಎಂದು ಹೇಳುವವಳು ನಾನಲ್ಲ. ಮಲೆನಾಡಿನ ದೀವರ ಮನೆಗಳಲ್ಲಿ ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಹೆಂಗಸರು ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಯಿಂದ, ಪುಂಡಿ ನಾರಿನ ಕುಂಚ ಹಿಡಿದು ಬರೆಯುವ ಹಸೆ ಚಿತ್ತಾರವನ್ನು ನೋಡಿ ಬೆಳೆದವಳು ನಾನು. ಒಂದು ಗೆರೆ ಸೊಟ್ಟಗಾಗದಂತೆ ಎಳೆಯಲು ನನ್ನ ಅಜ್ಜಿಯ ನೆರೆಮನೆಯವರು ಉಸಿರು ಬಿಗಿಹಿಡಿಯುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಘಟ್ಟದ ಕೆಳಗೆ ದೇವಸ್ಥಾನಗಳ ಬಿಳಿ ಗಾರೆಯ ಮೇಲೆ ಕೆಂಪು ಕಾವಿಯ ಚಿತ್ರಗಳಿವೆ. 1982ರ ಗೋಕಾಕ್ ಚಳವಳಿಯ ಹೊತ್ತಿಗೆ ನಾನು ಕಾಲೇಜಿನಲ್ಲಿದ್ದೆ. ಆಗ ಊರಿನ ಗೋಡೆಗಳ ಮೇಲೆ ಕನ್ನಡದ ಪರವಾಗಿ ಬರೆದ ಘೋಷಣೆಗಳನ್ನು ಓದಿ ಮೈ ನವಿರೇಳುತ್ತಿತ್ತು. ತೊಂಬತ್ತರ ದಶಕದಲ್ಲಿ ಸಾಕ್ಷರತಾ ಆಂದೋಲನ ಹಳ್ಳಿಹಳ್ಳಿಗೆ ಬಂದದ್ದು ಗೋಡೆಬರಹದ ಬೆನ್ನೇರಿಯೇ. ಇವೆಲ್ಲ ಮನೆಯವರೋ ಊರವರೋ ತಮ್ಮ ಮಾತನ್ನು ತಮ್ಮ ಗೋಡೆಗೆ ಹೇಳಿಕೊಂಡದ್ದು. ಒಂದು ಹೆಣ್ಣುಮಗುವನ್ನು ಅಥವಾ ಒಂದು ಜಾತಿಯನ್ನು, ಒಂದು ಧರ್ಮದವರನ್ನು ಹೀನೈಸಲು ರಾತ್ರಿ ಕದ್ದು ಬರೆಯುವುದನ್ನು ಈ ಸಾಲಿನಲ್ಲಿ ಇಡಲು ಬರುವುದಿಲ್ಲ. ಅಭಿವ್ಯಕ್ತಿ ಸ್ವಾತಂತ್ರ್ಯದ ಮಾತೆತ್ತಿ ನನ್ನೊಡನೆ ವಾದಿಸಿದ ಒಬ್ಬ ತರುಣನಿಗೆ ನಾನು ಇದನ್ನೇ ಹೇಳಿದೆ. ಆ ಹುಡುಗಿಗೂ ಒಂದು ಸ್ವಾತಂತ್ರ್ಯವಿದೆ; ಹತ್ತು ನಿಮಿಷದ ದಾರಿಯಲ್ಲಿ ತಲೆಯೆತ್ತಿ ನಡೆಯುವ ಸ್ವಾತಂತ್ರ್ಯ.

ಇನ್ನು ಅಳಿಸುವ ಕೆಲಸಕ್ಕೆ ಬರೋಣ. ಅದು ನಾನು ತಿಳಿದಷ್ಟು ಸುಲಭವಾಗಿರಲಿಲ್ಲ. ನಮ್ಮ ಮನೆಗೆ ಮೂವತ್ತು ವರ್ಷದಿಂದ ಬಣ್ಣ ಬಳಿಯುತ್ತಿರುವ ಹಿರಿಯ ಪೇಂಟರ್ ಒಬ್ಬರಿದ್ದಾರೆ. ಅವರನ್ನು ಕರೆಸಿ ಗೋಡೆ ತೋರಿಸಿದಾಗ, ಸುಣ್ಣದ ಚಕ್ಕೆಯನ್ನು ಉಗುರಿನಿಂದ ಎಬ್ಬಿಸಿ ನೋಡಿ, "ಎಣ್ಣೆ ಬಣ್ಣದ ಮೇಲೆ ಸುಣ್ಣ ಹಿಡಿಯಲ್ಲ ಅಮ್ಮಾ, ನುಣ್ಣಗಿರೋ ಕಡೆ ಅದಕ್ಕೆ ಕಚ್ಚಿಕೊಳ್ಳೋಕೆ ಏನಿದೆ ಹೇಳಿ" ಎಂದರು. ಸ್ಪ್ರೇ ಡಬ್ಬಿಯ ಬಣ್ಣ ಒಣಗಿದ ಮೇಲೆ ಗಾಜಿನಂತೆ ಹೊಳಪಾದ ಪದರವಾಗುತ್ತದೆ. ಮೊದಲು ಮರಳು ಕಾಗದದಿಂದ ಆ ಹೊಳಪನ್ನು ತೀಡಿ ಮುರಿಯಬೇಕು, ಧೂಳು ಒರೆಸಬೇಕು, ಎಣ್ಣೆ ಆಧಾರದ ಪ್ರೈಮರ್ ಒಂದು ಕೈ ಹೊಡೆದು ಪೂರ್ತಿ ಒಣಗಲು ಬಿಡಬೇಕು, ಅದರ ಮೇಲೆ ಬಣ್ಣ ಎರಡು ಕೈ. ಪ್ರೈಮರ್ ಬಿಟ್ಟರೆ ಕಪ್ಪು ಮತ್ತೆ ಮೇಲಕ್ಕೆ ಕಾಣಿಸುತ್ತದೆ. ಬರಹ ಇರುವಷ್ಟೇ ಜಾಗಕ್ಕೆ ಬಣ್ಣ ಬಳಿಯಬಾರದು ಎಂಬುದನ್ನೂ ಅವರೇ ಹೇಳಿಕೊಟ್ಟರು: ಅಷ್ಟಕ್ಕೇ ಬಳಿದರೆ ಅಕ್ಷರಗಳ ಆಕಾರದಲ್ಲೇ ತೇಪೆ ಹಚ್ಚಿದಂತಾಗಿ, ಓದದವರೂ ನಿಂತು ಓದುತ್ತಾರೆ. ಕಂಬದಿಂದ ಕಂಬಕ್ಕೆ, ಇಡೀ ಅಂಕಣಕ್ಕೆ ಒಂದೇ ಬಣ್ಣ ಬಳಿಯಬೇಕು.

ಗೋಡೆಯ ಕಲ್ಲಿನ ಭಾಗದಲ್ಲಿ ಬರೆದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಅವರು ತಲೆಯಾಡಿಸಿದರು. ಕಲ್ಲಿಗೆ ಥಿನ್ನರ್ ಸುರಿದು ಉಜ್ಜಿದರೆ ಬಣ್ಣ ಕರಗಿ ಕಲ್ಲಿನ ರಂಧ್ರಗಳೊಳಗೆ ಇನ್ನಷ್ಟು ಆಳಕ್ಕೆ ಇಳಿಯುತ್ತದೆ; ತಂತಿ ಬ್ರಷ್ ಹಾಕಿದರೆ ಕಲ್ಲಿನ ಮೈಯೇ ಕಿತ್ತು ಬರುತ್ತದೆ. ಜೇಡಿಮಣ್ಣಿನಂಥ ನಯವಾದ ಪುಡಿಯನ್ನು ದ್ರಾವಕದಲ್ಲಿ ಕಲಸಿ, ಪಟ್ಟು ಹಾಕಿದಂತೆ ಕಲ್ಲಿಗೆ ಮೆತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಕೆಲವು ಗಂಟೆ ಬಿಟ್ಟರೆ, ಕರಗಿದ ಬಣ್ಣವನ್ನು ಮಣ್ಣು ಹೀರಿಕೊಳ್ಳುತ್ತದೆ. ಒಮ್ಮೆಗೆ ಹೋಗದಿದ್ದರೆ ಎರಡು ಸಲ, ಮೂರು ಸಲ. ಸ್ಮಾರಕಗಳ ಕಲ್ಲನ್ನು ಶುಚಿಗೊಳಿಸುವವರು ಬಳಸುವುದೂ ಇದೇ ರೀತಿಯ ಪಟ್ಟು. ರಾಷ್ಟ್ರೀಯ ಮಹತ್ವದ ಸಂರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದರೆ 1958ರ ಕಾಯ್ದೆಯ ಪ್ರಕಾರ, 2010ರ ತಿದ್ದುಪಡಿಯ ನಂತರ, ಎರಡು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ಹಾಗಿದ್ದೂ ಹಳೆಯ ದೇವಾಲಯಗಳ ಕಂಬಗಳ ಮೇಲೆ ಮೊಳೆಯಿಂದ ಗೀಚಿದ ಹೆಸರುಗಳನ್ನು ಕಂಡಾಗ ಕರುಳು ಕಿವುಚಿದಂತಾಗುತ್ತದೆ, ಏಕೆಂದರೆ ಬಣ್ಣಕ್ಕೆ ಪಟ್ಟು ಹಾಕಬಹುದು, ಗೀಚಿದ ಕಲ್ಲಿಗೆ ಏನು ಹಾಕುವುದು?

ಬೇಗ ಅಳಿಸುವುದರಿಂದ ಬರೆಯುವುದು ನಿಲ್ಲುತ್ತದೆಯೇ ಎಂದು ಕೇಳುವವರು ನ್ಯೂಯಾರ್ಕಿನ ಸುರಂಗ ರೈಲಿನ ಕಥೆಯನ್ನು ತಿಳಿಯಬೇಕು. ಎಪ್ಪತ್ತು ಮತ್ತು ಎಂಬತ್ತರ ದಶಕಗಳಲ್ಲಿ ಅಲ್ಲಿಯ ರೈಲು ಬೋಗಿಗಳು ಒಳಗೂ ಹೊರಗೂ ಗೀಚು ಬರಹಗಳಿಂದ ತುಂಬಿದ್ದವು. ಬಂಧನ, ಬೇಲಿ, ಕಾವಲು ನಾಯಿ ಎಲ್ಲವೂ ಆಗಿ ಹೋಗಿದ್ದವು. 1984ರಲ್ಲಿ ಸಾರಿಗೆ ಸಂಸ್ಥೆಯ ಹೊಣೆ ಹೊತ್ತ ಡೇವಿಡ್ ಗನ್ ಅವರ ಕಾಲದಲ್ಲಿ ಒಂದು ಸರಳ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿದರು: ಒಮ್ಮೆ ಶುಚಿಯಾದ ಬೋಗಿಯ ಮೇಲೆ ಯಾರಾದರೂ ಬರೆದರೆ, ಅದನ್ನು ಅಳಿಸುವ ತನಕ ಆ ಬೋಗಿ ಹಳಿಯ ಮೇಲೆ ಓಡಬಾರದು. ಬರೆದವನ ಬರಹವನ್ನು ಊರು ನೋಡುವಂತೆಯೇ ಇರಲಿಲ್ಲ. ಐದು ವರ್ಷ ಹಿಡಿಯಿತು. 1989ರ ಮೇ 12ರಂದು ಗೀಚು ಬರಹವಿದ್ದ ಕೊನೆಯ ರೈಲನ್ನು ಸೇವೆಯಿಂದ ಹಿಂತೆಗೆದರು. ಗೀಚುವವನಿಗೆ ಬೇಕಾಗಿರುವುದು ನೋಡುವ ಕಣ್ಣುಗಳು. ಅದು ಸಿಗದಿದ್ದರೆ ಡಬ್ಬಿಯ ಬಣ್ಣ ವ್ಯರ್ಥ. ಬ್ರಿಟನ್ನಿನ ಅನೇಕ ಸ್ಥಳೀಯ ಸಂಸ್ಥೆಗಳು ಸಾಮಾನ್ಯ ಗೀಚು ಬರಹಕ್ಕೂ, ಜನಾಂಗನಿಂದನೆ ಅಥವಾ ಅಶ್ಲೀಲತೆ ಇರುವ ಬರಹಕ್ಕೂ ಬೇರೆ ಬೇರೆ ಗಡುವು ಇಟ್ಟುಕೊಂಡಿವೆ. ಎರಡನೆಯದನ್ನು 24 ಗಂಟೆಯೊಳಗೆ ಅಳಿಸುವುದು ಅಲ್ಲಿ ರೂಢಿಯಲ್ಲಿರುವ ಪದ್ಧತಿ. ನಮ್ಮ ನಗರಸಭೆಗಳು ಎರವಲು ತರಬೇಕಾದದ್ದು ಈ ಒಂದು ಭೇದವನ್ನು ಮಾತ್ರ. ಉಳಿದ ಸಾಮಾನು ನಮ್ಮಲ್ಲೇ ಇದೆ.

ನಮ್ಮಲ್ಲೇ ಇದೆ ಎಂಬುದಕ್ಕೆ ಬೆಂಗಳೂರಿನ ದಿ ಅಗ್ಲಿ ಇಂಡಿಯನ್ ತಂಡದವರ ಕೆಲಸ ಸಾಕ್ಷಿ. ಹೆಸರು ಹೇಳಿಕೊಳ್ಳದೆ, ಭಾಷಣ ಮಾಡದೆ, ಬೆಳಗಿನ ಹೊತ್ತು ಸೇರಿ, ಕಸ ಸುರಿದು ಮೂತ್ರ ಮಾಡಿ ಕೆಡಿಸಿದ ಮೂಲೆಗಳನ್ನು ಅವರು ಶುಚಿಗೊಳಿಸುತ್ತ ಬಂದಿದ್ದಾರೆ. ಅವರು ಬಣ್ಣ ಬಳಿದ ಗೋಡೆಗಳ ಬುಡದಲ್ಲಿ ಕಾಣುವ ಕೆಂಪು ಪಟ್ಟಿಯನ್ನು ನೋಡಿದಾಗ ನನಗೆ ನಮ್ಮ ಹಳ್ಳಿ ಮನೆಗಳ ಜಗಲಿಯ ಅಂಚು ನೆನಪಾಯಿತು. ಕೆಸರು ಸಿಡಿದರೂ ಎದ್ದು ಕಾಣದಿರಲೆಂದು ಗೋಡೆಯ ಬುಡಕ್ಕೆ ಕೆಮ್ಮಣ್ಣು ಬಳಿಯುವುದು ನಮ್ಮವರ ಹಳೆಯ ಬುದ್ಧಿ. ಆದರೆ ಸ್ವಯಂಸೇವಕರ ಉತ್ಸಾಹವನ್ನು ನಂಬಿ ನಗರಸಭೆ ಕೈಕಟ್ಟಿ ಕೂರಬಾರದು. ಭಾನುವಾರ ಬಂದು ಬಣ್ಣ ಬಳಿದ ಹುಡುಗರಿಗೆ ಸೋಮವಾರ ಪರೀಕ್ಷೆ ಇರುತ್ತದೆ. ಗೋಡೆಗೆ ಬರೆಯುವವನು ಅದೇ ಸೋಮವಾರ ಬರುತ್ತಾನೆ.

ಹನ್ನೆರಡನೆಯ ದಿನ ನಾವು ಬೀದಿಯ ಹನ್ನೊಂದು ಮನೆಯವರು ಸಹಿ ಹಾಕಿದ ಒಂದು ಅರ್ಜಿಯನ್ನು ಪೌರಾಯುಕ್ತರಿಗೆ ಕೊಟ್ಟೆವು. ಅದರಲ್ಲಿ ದೂರಿಗಿಂತ ಹೆಚ್ಚಾಗಿ ಬೇಡಿಕೆಗಳಿದ್ದವು. ಗೋಡೆ ಯಾರದೇ ಆಗಿರಲಿ, ಸಾರ್ವಜನಿಕ ರಸ್ತೆಗೆ ಮುಖ ಮಾಡಿರುವ ನಿಂದನೆಯ ಬರಹವನ್ನು ಅಳಿಸುವ ಹೊಣೆ ಒಂದೇ ಶಾಖೆಗೆ ಸೇರಬೇಕು, ಅದು ಆರೋಗ್ಯ ಶಾಖೆಯಾಗಲಿ ಎಂದು ಕೇಳಿದೆವು. ದೂರು ಬಂದ ದಿನ ಮತ್ತು ಅಳಿಸಿದ ದಿನವನ್ನು ಬರೆದಿಡುವ ಒಂದು ಪುಸ್ತಕ ಇರಲಿ ಎಂದೆವು. ಪೋಸ್ಟರು ಅಂಟಿಸಲು ಬಸ್ ನಿಲ್ದಾಣದ ಬಳಿ ಮತ್ತು ಸಂತೆ ಮೈದಾನದಲ್ಲಿ ನಗರಸಭೆಯೇ ಫಲಕಗಳನ್ನು ನಿಲ್ಲಿಸಿ, ಶುಲ್ಕ ತೆಗೆದುಕೊಂಡು ಜಾಗ ಕೊಡಲಿ, ಸಣ್ಣ ವ್ಯಾಪಾರಿಗೂ ನಾಟಕದವರಿಗೂ ಪ್ರಚಾರಕ್ಕೆ ಒಂದು ಜಾಗ ಬೇಕಲ್ಲವೇ ಎಂದೂ ಬರೆದೆವು. ಕೊನೆಯ ಬೇಡಿಕೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಈ ಕೆಲಸ ಪೌರಕಾರ್ಮಿಕರ ಹೆಗಲಿಗೆ ಬಂದರೆ ಅದನ್ನು ಅವರ ಕೆಲಸದ ವೇಳೆಯೊಳಗೇ ಲೆಕ್ಕ ಹಿಡಿಯಬೇಕು. ಥಿನ್ನರ್ ಮುಟ್ಟುವ ಕೈಗೆ ಸರಿಯಾದ ರಬ್ಬರ್ ಕೈಗವಸು, ಅದರ ಆವಿ ಕುಡಿಯದಂತೆ ಮುಖಗವಸು ಕೊಡದೆ ಯಾರನ್ನೂ ಗೋಡೆಯ ಮುಂದೆ ನಿಲ್ಲಿಸಬಾರದು. ಬರಿಗೈಯಲ್ಲಿ ಮಣ್ಣು ಮೆತ್ತಿದ ಆ ತಾಯಿಯ ಕೈಗಳನ್ನು ನೋಡಿದ ಮೇಲೆ ಈ ಮಾತನ್ನು ಬಿಡಲು ನನ್ನಿಂದ ಆಗುತ್ತಿರಲಿಲ್ಲ.

ನಮ್ಮ ವಾರ್ಡಿನ ಸದಸ್ಯರು ಅರ್ಜಿಯನ್ನು ಹಿಡಿದು ಎರಡು ಬಾರಿ ಕಚೇರಿಗೆ ಹೋಗಿ ಬಂದರು. ಹತ್ತೊಂಬತ್ತನೆಯ ದಿನ ಮಳೆ ಹೊಳವಾಗಿ ಬಿಸಿಲು ಬಂತು. ಬೆಳಗ್ಗೆ ಎಂಟಕ್ಕೆ ನಗರಸಭೆಯ ಆಟೋ ಟಿಪ್ಪರ್ ಶಾಲೆಯ ಮುಂದೆ ನಿಂತಿತು. ಇಬ್ಬರು ಇಳಿದರು; ಮರಳು ಕಾಗದ, ಪ್ರೈಮರ್, ಹತ್ತು ಲೀಟರಿನ ಬಣ್ಣದ ಡಬ್ಬ. ನಮ್ಮ ಪೇಂಟರ್ ಹಿರಿಯರು ಕೂಲಿ ಬೇಡವೆಂದು ಹೇಳಿ ಅವರ ಜೊತೆ ನಿಂತು, ಒಂದೊಂದು ಅಕ್ಷರವನ್ನೂ ಉಜ್ಜಿ ತೋರಿಸಿದರು. ಗೋಡೆಗೆ ಹಾಲಿನ ಕೆನೆಯ ಬಣ್ಣ, ಬುಡಕ್ಕೆ ಒಂದೂವರೆ ಅಡಿ ಕೆಮ್ಮಣ್ಣಿನ ಬಣ್ಣದ ಪಟ್ಟಿ. ಸಂಜೆ ಶಾಲೆ ಬಿಡುವ ಹೊತ್ತಿಗೆ ಎರಡನೆಯ ಕೈ ಇನ್ನೂ ಹಸಿಯಾಗಿತ್ತು. ಹುಡುಗಿಯರು ಗೋಡೆಗೆ ತಗುಲದಂತೆ ಲಂಗ ಒತ್ತಿ ಹಿಡಿದುಕೊಂಡು ಸಾಲಾಗಿ ದಾಟಿದರು. ಆ ಹುಡುಗಿ ಅಂದು ಬರಲಿಲ್ಲ. ನಾಲ್ಕು ದಿನದ ಮೇಲೆ, ಇಬ್ಬರು ಗೆಳತಿಯರ ನಡುವೆ, ಈ ರಸ್ತೆಯಲ್ಲೇ ಬಂದಳು.

ನಮ್ಮ ಬೇಡಿಕೆಗಳಲ್ಲಿ ಎಲ್ಲವೂ ಈಡೇರಿಲ್ಲ. ಪೋಸ್ಟರ್ ಫಲಕಗಳು ಇನ್ನೂ ಬಂದಿಲ್ಲ. ಬಸ್ ನಿಲ್ದಾಣದ ಕಂಬಗಳಿಗೆ ಮೈದಾ ಅಂಟು ಹಾಕುವುದು ನಿಂತಿಲ್ಲ. ಕೈಗವಸುಗಳು ಬಂದವು, ಆದರೆ ಅಳತೆ ದೊಡ್ಡದಾಯಿತೆಂದು ಹೆಂಗಸರು ಹಾಕಿಕೊಳ್ಳುತ್ತಿಲ್ಲ, ಸಣ್ಣ ಅಳತೆಯವು ಬೇಕೆಂದು ಮತ್ತೊಂದು ಅರ್ಜಿ ಕೊಟ್ಟಿದ್ದೇವೆ. ದೂರಿನ ಪುಸ್ತಕ ಮಾತ್ರ ಆರೋಗ್ಯ ಶಾಖೆಯ ಮೇಜಿನ ಮೇಲಿದೆ; ನಾನು ಹೋದಾಗಲೆಲ್ಲ ತೆರೆದು ನೋಡುತ್ತೇನೆ. ಮೊದಲ ತಿಂಗಳ ನಮೂದುಗಳಲ್ಲಿ ದೂರಿಗೂ ಅಳಿಸಿದ್ದಕ್ಕೂ ನಡುವೆ ವಾರಗಟ್ಟಲೆ ಅಂತರವಿತ್ತು. ಕಳೆದ ಬಾರಿ ನೋಡಿದಾಗ, ಸಂತೆ ಬೀದಿಯ ಒಂದು ಗೋಡೆಗೆ ಸೋಮವಾರ ಬೆಳಗ್ಗೆ ದೂರು, ಮಂಗಳವಾರ ಮಧ್ಯಾಹ್ನ ಸಹಿ ಬಿದ್ದಿತ್ತು.

ಶಾಲೆಯ ಗೋಡೆಯ ಮೇಲೆ ಆ ನಂತರವೂ ಎರಡು ಸಲ ಬರೆದಿದ್ದಾರೆ, ಎರಡೂ ಸಲ ಮಾರನೆಯ ದಿನವೇ ಬಣ್ಣ ಬಿದ್ದಿದೆ, ಏಕೆಂದರೆ ಬಣ್ಣಕ್ಕಾಗಿ ಈಗ ಯಾರೂ ಕಾಯಬೇಕಾಗಿಲ್ಲ. ಉಳಿದ ಡಬ್ಬವನ್ನು ಮುಖ್ಯೋಪಾಧ್ಯಾಯಿನಿಯವರು ಕ್ರೀಡಾ ಸಾಮಗ್ರಿಯ ಕೋಣೆಯಲ್ಲಿ, ಥ್ರೋಬಾಲ್ ನೆಟ್ಟಿನ ಪಕ್ಕದಲ್ಲಿ ಇರಿಸಿದ್ದಾರೆ. ಮುಚ್ಚಳದ ಮೇಲೆ ಬಣ್ಣದ ಸಂಖ್ಯೆಯನ್ನೂ ತೆರೆದ ದಿನಾಂಕಗಳನ್ನೂ ಪೆನ್ನಿನಲ್ಲಿ ಬರೆದಿದ್ದಾರೆ. ಮೊನ್ನೆ ಅವರು ಅಲುಗಾಡಿಸಿ ನೋಡಿ, ಇನ್ನು ಮೂರು ಲೀಟರಿನಷ್ಟು ಇರಬಹುದು, ದೀಪಾವಳಿಯೊಳಗೆ ಹೊಸದಕ್ಕೆ ಬರೆದು ಹಾಕಬೇಕು ಎಂದರು.